ಬರಿಗಾಲಿನ ಗುರುತಿನಿಂದ ಗಂಡೋ ಹೆಣ್ಣೋ ಹೇಳಬಹುದೇ?

ಅಪರಾಧ ನಡೆದ ಜಾಗದಲ್ಲಿ ಉಳಿದ ಬರಿಗಾಲಿನ ಗುರುತನ್ನು ಅಳೆದು, ಅದನ್ನು ಮೂಡಿಸಿದವರು ಗಂಡಸೋ ಹೆಂಗಸೋ ಎಂದು ಅಂದಾಜಿಸುವ ವಿಧಾನವನ್ನು ಕುರಿತು ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಹೆಜ್ಜೆಗುರುತಿನಲ್ಲಿ ನಿಜವಾಗಿ ಏನನ್ನು ಅಳೆಯುತ್ತಾರೆ? ಆ ಅಳತೆಗೂ ಲಿಂಗಕ್ಕೂ ಇರುವ ಸಂಬಂಧವೇನು? (ಪದವಿ ವಿದ್ಯಾರ್ಥಿನಿ)

ಉತ್ತರ: ಮೊದಲು ಸಂಬಂಧವನ್ನು ನೋಡೋಣ. ವಯಸ್ಕ ಗಂಡಸರ ದೇಹ ಸರಾಸರಿಯಲ್ಲಿ ಹೆಂಗಸರ ದೇಹಕ್ಕಿಂತ ದೊಡ್ಡದು. ಪಾದದ ಉದ್ದ ದೇಹದ ಎತ್ತರದೊಂದಿಗೆ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಸಾಗುತ್ತದೆ. ಪಾದದ ಉದ್ದ ಎತ್ತರದ ಸುಮಾರು ಶೇ. 15ರಷ್ಟು ಎಂಬ ಲೆಕ್ಕವನ್ನು 19ನೆಯ ಶತಮಾನದ ಫ್ರೆಂಚ್ ಮಾನವಶಾಸ್ತ್ರಜ್ಞ ಪಾಲ್ ಟೊಪಿನಾರ್ ಅವರ ಕಾಲದಿಂದಲೂ ಬಳಸುತ್ತ ಬರಲಾಗಿದೆ. ಹೀಗಾಗಿ ಹೆಜ್ಜೆಗುರುತು ನೇರವಾಗಿ ಹೇಳುವುದು ಪಾದದ ಗಾತ್ರವನ್ನು; ಪಾದದ ಗಾತ್ರದಿಂದ ದೇಹದ ಗಾತ್ರವನ್ನೂ, ದೇಹದ ಗಾತ್ರದಿಂದ ಲಿಂಗವನ್ನೂ ನಾವು ಊಹಿಸುತ್ತೇವೆ. ಈ ಎರಡು ಮೆಟ್ಟಿಲುಗಳಲ್ಲಿ ಪ್ರತಿಯೊಂದರಲ್ಲೂ ಸ್ವಲ್ಪ ಮಾಹಿತಿ ಸೋರಿಹೋಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಅಳೆಯುವ ಕ್ರಮ ಹೀಗಿದೆ. ಹಿಮ್ಮಡಿಯ ಗುರುತಿನಲ್ಲಿ ಅತ್ಯಂತ ಹಿಂದಿರುವ ಬಿಂದುವನ್ನು ಗುರುತಿಸಿ, ಅಲ್ಲಿಂದ ಐದು ಬೆರಳುಗಳ ತುದಿಗಳಿಗೂ ಒಂದೊಂದು ಸರಳರೇಖೆ ಎಳೆದು, ಐದು ಉದ್ದಗಳನ್ನು ದಾಖಲಿಸುತ್ತಾರೆ. ಒಂದು ಬೆರಳಿನ ಗುರುತು ಅಳಿಸಿಹೋಗಿದ್ದರೂ ಉಳಿದವುಗಳಿಂದ ಕೆಲಸ ಸಾಗಲಿ ಎಂಬುದು ಐದನ್ನೂ ಅಳೆಯುವುದರ ಒಂದು ಪ್ರಯೋಜನ. ನಂತರ ಹೆಬ್ಬೆರಳಿನ ಬುಡದ ಉಬ್ಬಿನಿಂದ ಕಿರುಬೆರಳಿನ ಬುಡದ ಉಬ್ಬಿನವರೆಗೆ ಮುಂಗಾಲಿನ ಅಗಲವನ್ನೂ, ಹಿಮ್ಮಡಿ ಅತಿ ಅಗಲವಾಗಿರುವ ಕಡೆ ಅದರ ಅಗಲವನ್ನೂ ಅಳೆಯುತ್ತಾರೆ. ಎಡ ಮತ್ತು ಬಲ ಪಾದಗಳು ಒಬ್ಬರಲ್ಲೇ ಕೆಲವು ಮಿಲಿಮೀಟರ್‌ಗಳಷ್ಟು ಬೇರೆಯಾಗಿರಬಹುದಾದ್ದರಿಂದ ಎರಡಕ್ಕೂ ಪ್ರತ್ಯೇಕ ಲೆಕ್ಕ ಇಡುವುದು ಸರಿಯಾದ ಪದ್ಧತಿ. ಒಬ್ಬರೇ ಎರಡು ಬಾರಿ ಅಳೆದಾಗ, ಮತ್ತು ಇಬ್ಬರು ಬೇರೆ ಬೇರೆಯಾಗಿ ಅಳೆದಾಗ, ಎಷ್ಟು ವ್ಯತ್ಯಾಸ ಬರುತ್ತದೆ ಎಂಬುದನ್ನೂ ವರದಿಯಲ್ಲಿ ಹೇಳಬೇಕು. ಹಿಮ್ಮಡಿಯ ಅಂಚು ಮಸುಕಾಗಿದ್ದರೆ ಎಲ್ಲಿಂದ ಅಳೆಯಲು ತೊಡಗಬೇಕೆಂಬುದರ ಬಗ್ಗೆಯೇ ಇಬ್ಬರು ತಜ್ಞರಲ್ಲಿ ಒಮ್ಮತವಿಲ್ಲದಿರಬಹುದು.

ಈ ಅಳತೆಗಳಿಂದ ಅನುಪಾತಗಳನ್ನೂ ಮಾಡಿಕೊಳ್ಳುವುದುಂಟು. ಮುಂಗಾಲಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪಾದದ ಸೂಚ್ಯಂಕ, ಹಿಮ್ಮಡಿಯ ಅಗಲವನ್ನು ಮುಂಗಾಲಿನ ಅಗಲದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹಿಮ್ಮಡಿ-ಮುಂಗಾಲು ಸೂಚ್ಯಂಕ. ಲಿಂಗದ ಅಂದಾಜಿಗೆ ಇವು ನೇರ ಅಳತೆಗಳಷ್ಟು ನೆರವಾಗುವುದಿಲ್ಲ. ಕಾರಣ ಸರಳವಾಗಿದೆ: ಅನುಪಾತ ಮಾಡಿದೊಡನೆ ಗಾತ್ರವೆಂಬ ಅಂಶ ಮೇಲಿನಿಂದಲೂ ಕೆಳಗಿನಿಂದಲೂ ಕಳೆದುಹೋಗುತ್ತದೆ, ಮತ್ತು ನಮಗೆ ಸುಳಿವು ಕೊಡುತ್ತಿದ್ದದ್ದು ಆ ಗಾತ್ರವೇ. ಹೆಂಗಸರ ಪಾದ ಗಂಡಸರ ಪಾದದ ಚಿಕ್ಕ ಪ್ರತಿಯಲ್ಲ, ಆಕಾರದಲ್ಲೂ ಕೆಲವು ಭೇದಗಳಿವೆ ಎಂಬುದು ನಿಜ. ಆದರೆ ನೆಲದ ಮೇಲೆ ಬಿದ್ದ ಚಪ್ಪಟೆ ಗುರುತಿನಲ್ಲಿ ಆ ಸೂಕ್ಷ್ಮ ಭೇದಗಳು ಬಹುಮಟ್ಟಿಗೆ ಮರೆಯಾಗುತ್ತವೆ.

ಪ್ರಶ್ನೆ: ಇಂಥ ವಿಧಾನ ಶೇ. 85ಕ್ಕಿಂತ ಹೆಚ್ಚು ನಿಖರ ಎಂದು ಒಂದು ಲೇಖನದಲ್ಲಿ ಓದಿದೆ. ಹಾಗಾದರೆ ಒಂದು ಗುರುತನ್ನು ತೋರಿಸಿ ‘ಇದು ಗಂಡಸಿನದು’ ಎಂದು ತಜ್ಞರು ಹೇಳಿದರೆ ಅದು ಶೇ. 85ರಷ್ಟು ನಿಜ ಎಂದು ತಿಳಿಯಬಹುದೇ? (ಗಣಿತ ಶಿಕ್ಷಕರು)

ಉತ್ತರ: ತಿಳಿಯಬಾರದು. ನ್ಯಾಯಾಲಯಗಳಲ್ಲೂ ಪತ್ರಿಕೆಗಳಲ್ಲೂ ಹೆಚ್ಚು ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ತಾವು ಗಣಿತದವರಾದ್ದರಿಂದ ಸಂಖ್ಯೆಗಳನ್ನಿಟ್ಟುಕೊಂಡೇ ಮಾತನಾಡೋಣ. ಆದರೆ ಈ ಸಂಖ್ಯೆಗಳು ವಿವರಣೆಗಾಗಿ ಕಲ್ಪಿಸಿಕೊಂಡವು, ಯಾವ ಜನಸಮುದಾಯದ ಅಳತೆಗಳೂ ಅಲ್ಲ.

ಒಂದು ಸಮುದಾಯದಲ್ಲಿ ಗಂಡಸರ ಹೆಜ್ಜೆಗುರುತಿನ ಸರಾಸರಿ ಉದ್ದ 24.5 ಸೆಂ.ಮೀ., ಹೆಂಗಸರದು 22.0 ಸೆಂ.ಮೀ. ಎಂದೂ, ಎರಡೂ ಗುಂಪುಗಳಲ್ಲಿ ಪ್ರಮಾಣಿತ ವಿಚಲನೆ (ಅಳತೆಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಮಾಪನ) 1.1 ಸೆಂ.ಮೀ. ಎಂದೂ, ಹಂಚಿಕೆ ಗಂಟೆಯಾಕಾರದ ಸಾಮಾನ್ಯ ಹಂಚಿಕೆ ಎಂದೂ ಇಟ್ಟುಕೊಳ್ಳೋಣ. ಎರಡು ಸರಾಸರಿಗಳ ನಟ್ಟನಡುವಿನ ಬಿಂದು 23.25 ಸೆಂ.ಮೀ. ಅದಕ್ಕಿಂತ ಉದ್ದದ ಗುರುತು ಗಂಡಸಿನದು, ಚಿಕ್ಕದು ಹೆಂಗಸಿನದು ಎಂದು ವಿಂಗಡಿಸುವುದು ಅತ್ಯಂತ ಸರಳ ವಿಧಾನ. ಈ ನಡುಬಿಂದುವನ್ನು ಗಡಿಬಿಂದು ಎನ್ನೋಣ. ಲೆಕ್ಕ ಹಾಕಿದರೆ ಈ ಗಡಿ ಸುಮಾರು ಶೇ. 87 ಜನರನ್ನು ಸರಿಯಾದ ಗುಂಪಿಗೆ ಸೇರಿಸುತ್ತದೆ. ಲೇಖನದಲ್ಲಿ ತಾವು ಓದಿದ್ದು ಇಂಥ ಸಂಖ್ಯೆಯನ್ನೇ. ಅದು ಇಡೀ ಗುಂಪಿನ ಮೇಲಿನ ಸರಾಸರಿ ಯಶಸ್ಸೇ ಹೊರತು ನಿಮ್ಮ ಮುಂದಿರುವ ಒಂದು ಗುರುತಿನ ಬಗೆಗಿನ ಭರವಸೆಯಲ್ಲ.

ಈಗ ಒಂದೊಂದೇ ಗುರುತನ್ನು ತೆಗೆದುಕೊಳ್ಳಿ. ಗಂಡಸರೂ ಹೆಂಗಸರೂ ಸಮಸಂಖ್ಯೆಯಲ್ಲಿರುವಾಗ 23.5 ಸೆಂ.ಮೀ. ಉದ್ದದ ಗುರುತು ಗಂಡಸಿನದಾಗಿರುವ ಸಂಭವ ಸುಮಾರು ಶೇ. 63 ಮಾತ್ರ. 24.5 ಸೆಂ.ಮೀ. ಇದ್ದರೆ ಅದು ಶೇ. 93ಕ್ಕೆ ಏರುತ್ತದೆ, 25.5 ಇದ್ದರೆ ಶೇ. 99. ಮೂರನ್ನೂ ‘ಗಂಡಸು’ ಎಂಬ ಒಂದೇ ಪದದಲ್ಲಿ ಹೇಳಿಬಿಟ್ಟರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಗಾಧ ಅಂತರ ಅಳಿಸಿಹೋಗುತ್ತದೆ. ಆದ್ದರಿಂದ ಈಚಿನ ಅಧ್ಯಯನಗಳು ಒಂದೇ ಗಡಿಯ ಬದಲು ಲಾಜಿಸ್ಟಿಕ್ ರಿಗ್ರೆಶನ್ ಮುಂತಾದ ಸಂಖ್ಯಾಶಾಸ್ತ್ರೀಯ ವಿಧಾನಗಳಿಂದ ಪ್ರತಿಯೊಂದು ಗುರುತಿಗೂ ಅದರದೇ ಸಂಭವನೀಯತೆಯನ್ನು ಲೆಕ್ಕ ಹಾಕುವ ಕಡೆಗೆ ವಾಲಿರುವುದು ಸ್ವಾಗತಾರ್ಹ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ‘ಶೇ. 95ರಷ್ಟು ಖಚಿತವಿದ್ದರೆ ಮಾತ್ರ ಹೇಳುತ್ತೇನೆ’ ಎಂದು ತಜ್ಞರು ನಿರ್ಧರಿಸಿದರೆ, ನಮ್ಮ ಕಲ್ಪಿತ ಸಮುದಾಯದಲ್ಲಿ ಸುಮಾರು 24.7 ಸೆಂ.ಮೀ.ಗಿಂತ ಉದ್ದದ, ಅಥವಾ 21.8 ಸೆಂ.ಮೀ.ಗಿಂತ ಚಿಕ್ಕದಾದ ಗುರುತುಗಳ ಬಗ್ಗೆ ಮಾತ್ರ ಅವರು ಬಾಯಿ ತೆರೆಯಬಹುದು. ನಡುವೆ ಬೀಳುವ ಗುರುತುಗಳು ಅರ್ಧಕ್ಕಿಂತಲೂ ಹೆಚ್ಚು! ಅಂದರೆ ಪ್ರಾಮಾಣಿಕವಾದ ಎಚ್ಚರಿಕೆಯಿಂದ ನಡೆದುಕೊಂಡರೆ, ಬಂದ ಗುರುತುಗಳಲ್ಲಿ ಹೆಚ್ಚಿನವಕ್ಕೆ ‘ಹೇಳಲಾಗದು’ ಎಂಬುದೇ ಉತ್ತರ. ಈ ಉತ್ತರವನ್ನು ವಿಜ್ಞಾನದ ಸೋಲು ಎಂದು ನೋಡುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ‘ಹೇಳಲಾಗದು’ ಎಂಬ ಮೂರನೆಯ ಉತ್ತರಕ್ಕೆ ಜಾಗವಿಲ್ಲದ ಯಾವ ವಿಧಾನವೂ ತನಿಖೆಗೆ ಬಳಸಲು ಯೋಗ್ಯವಲ್ಲ.

ಕೊನೆಯದಾಗಿ ಹಿನ್ನೆಲೆಯ ಸಂಗತಿ. ಮೇಲಿನ ಲೆಕ್ಕವೆಲ್ಲ ಗಂಡಸರೂ ಹೆಂಗಸರೂ ಸಮನಾಗಿದ್ದಾರೆ ಎಂಬ ಊಹೆಯ ಮೇಲೆ ನಿಂತಿದೆ. ಗುರುತು ಸಿಕ್ಕ ಕಟ್ಟಡಕ್ಕೆ ಪ್ರವೇಶವಿದ್ದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರೇ ಆಗಿದ್ದರೆ, ಅದೇ 24.5 ಸೆಂ.ಮೀ.ನ ಗುರುತು ಗಂಡಸಿನದಾಗಿರುವ ಸಂಭವ ಶೇ. 93ರಿಂದ ಶೇ. 60ರ ಸಮೀಪಕ್ಕೆ ಇಳಿಯುತ್ತದೆ. ಪಾದದ ಅಳತೆ ಬದಲಾಗಲಿಲ್ಲ, ಸೂತ್ರವೂ ಬದಲಾಗಲಿಲ್ಲ, ಯಾರ ನಡುವೆ ಹುಡುಕುತ್ತಿದ್ದೇವೆ ಎಂಬುದಷ್ಟೇ ಬದಲಾಯಿತು. ಆದ್ದರಿಂದ ತಜ್ಞರು ತಮ್ಮ ಅಳತೆ ಎಷ್ಟರಮಟ್ಟಿಗೆ ಯಾವ ಕಡೆ ತೂಗುತ್ತದೆ ಎಂಬುದನ್ನು ಮಾತ್ರ ಹೇಳಿ, ಅಂತಿಮ ಸಂಭವನೀಯತೆಯನ್ನು ಉಳಿದ ಸಾಕ್ಷ್ಯಗಳೊಂದಿಗೆ ಸೇರಿಸಿ ತೂಗುವ ಕೆಲಸವನ್ನು ನ್ಯಾಯಾಧೀಶರಿಗೆ ಬಿಡುವುದು ಮೇಲು.

ತಪ್ಪಿಗೆ ಗುರಿಯಾಗುವವರು ಯಾರು ಎಂಬುದನ್ನೂ ಗಮನಿಸಿ. ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಹಂಚಿಹೋಗುವುದಿಲ್ಲ. ಎತ್ತರದ ಹೆಂಗಸು ಗಂಡಸೆಂದೂ, ಕುಳ್ಳಗಿನ ಗಂಡಸು ಹೆಂಗಸೆಂದೂ ವಿಂಗಡಣೆಯಾಗುತ್ತಾರೆ. ಅಂಥ ಒಬ್ಬರ ಗುರುತನ್ನು ಎಷ್ಟು ಸಲ ಅಳೆದರೂ ಅದೇ ತಪ್ಪು ಮರುಕಳಿಸುತ್ತದೆ. ಒಂದೇ ವ್ಯಕ್ತಿಯ ಹತ್ತು ಗುರುತು ಸಿಕ್ಕವು, ಹತ್ತೂ ‘ಗಂಡಸು’ ಎಂದವು, ಆದ್ದರಿಂದ ಸಾಕ್ಷ್ಯ ಹತ್ತುಪಟ್ಟು ಬಲವಾಯಿತು ಎಂಬ ವಾದ ಈ ಕಾರಣಕ್ಕೇ ನಿಲ್ಲುವುದಿಲ್ಲ.

ಪ್ರಶ್ನೆ: ಕಾಲಿನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದವಾಗಿದ್ದರೆ ಅದು ಹೆಂಗಸಿನ ಪಾದ ಎನ್ನುತ್ತಾರೆ. ನಿಜವೇ? (ಪತ್ತೇದಾರಿ ಕಥೆಗಳ ಓದುಗರು)

ಉತ್ತರ: ಇಲ್ಲ. ಆ ಲಕ್ಷಣ ಗಂಡಸರಲ್ಲೂ ಹೆಂಗಸರಲ್ಲೂ ಸಾಕಷ್ಟು ಕಂಡುಬರುತ್ತದೆ. ಒಬ್ಬ ವ್ಯಕ್ತಿಯ ಗುರುತನ್ನು ಇನ್ನೊಬ್ಬರ ಗುರುತಿನಿಂದ ಬೇರ್ಪಡಿಸಲು ಬೆರಳುಗಳ ಉದ್ದದ ಕ್ರಮ ನೆರವಾಗಬಹುದು, ಲಿಂಗ ಹೇಳಲು ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಸಂಶೋಧನೆಯಲ್ಲಿ ಕಾಗದದ ಮೇಲೆ ಶಾಯಿಯಿಂದ ಪಾದದ ಗುರುತು ತೆಗೆಯುತ್ತಾರೆ. ಕೆಸರಿನಲ್ಲಿ, ಮರಳಿನಲ್ಲಿ, ಒದ್ದೆ ನೆಲದ ಮೇಲೆ ಸಿಕ್ಕ ಗುರುತಿಗೆ ಅದೇ ಸೂತ್ರ ಹೊಂದುತ್ತದೆಯೇ? (ನಿವೃತ್ತ ಪೊಲೀಸ್ ಅಧಿಕಾರಿ)

ಉತ್ತರ: ತಮ್ಮ ಸಂದೇಹ ಸರಿಯಾದ ಜಾಗಕ್ಕೇ ಕೈ ಹಾಕಿದೆ. ಬಹುಪಾಲು ಅಧ್ಯಯನಗಳಲ್ಲಿ ವ್ಯಕ್ತಿ ನಿಶ್ಚಲವಾಗಿ ನಿಂತು, ಎರಡೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ, ಗಟ್ಟಿ ನೆಲದ ಮೇಲಿಟ್ಟ ಕಾಗದಕ್ಕೆ ಗುರುತು ಒತ್ತಿರುತ್ತಾರೆ. ಅಪರಾಧದ ಸ್ಥಳದಲ್ಲಿ ಹಾಗೆ ನಿಂತು ಗುರುತು ಬಿಟ್ಟುಹೋಗುವವರು ಅಪರೂಪ. ನಡೆಯುವಾಗ ಹಿಮ್ಮಡಿ ಮೊದಲು ತಾಗಿ ಹಿಂದಕ್ಕೆ ಹರಡಿಕೊಳ್ಳುತ್ತದೆ, ಕೊನೆಯಲ್ಲಿ ಬೆರಳುಗಳು ನೆಲವನ್ನು ತಳ್ಳಿ ಮುಂದಕ್ಕೆ ಉರುಳುತ್ತವೆ. ಇದರಿಂದ ಗಾಢವಾದ ಗುರುತಿನ ಹಿಂದೆ ಮತ್ತು ಬೆರಳ ತುದಿಗಳ ಮುಂದೆ ತೆಳುವಾದ ಮಸುಕು ಪಟ್ಟಿ ಮೂಡುತ್ತದೆ. ಆ ಮಸುಕನ್ನು ಸೇರಿಸಿಕೊಂಡು ಅಳೆದರೆ ಉದ್ದ ಹೆಚ್ಚುತ್ತದೆ, ಬಿಟ್ಟು ಅಳೆದರೆ ಕಡಿಮೆಯಾಗುತ್ತದೆ. ಗಡಿಬಿಂದುವಿನ ಸಮೀಪ ಕೆಲವು ಮಿಲಿಮೀಟರ್‌ಗಳೇ ಗಂಡು ಹೆಣ್ಣೆಂಬ ತೀರ್ಮಾನವನ್ನು ತಿರುಗಿಸಿಬಿಡಬಲ್ಲವಾದ್ದರಿಂದ, ಎರಡನ್ನೂ ಪ್ರತ್ಯೇಕವಾಗಿ ಅಳೆದು ದಾಖಲಿಸುವುದು ಅಗತ್ಯ. ನಿಂತ ಗುರುತಿನಿಂದ ಕಟ್ಟಿದ ಸೂತ್ರಕ್ಕೆ ನಡೆದ ಗುರುತಿನ ಅಳತೆಯನ್ನು ಹಾಕುವುದು ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ದೊಡ್ಡ ದುರ್ಬಲತೆ.

ನೆಲದ ಗುಣವೂ ಸಣ್ಣ ವಿಷಯವಲ್ಲ. ಗಟ್ಟಿ ನೆಲದ ಮೇಲೆ ಅಂಗಾಲಿನ ತಾಗುವ ಭಾಗ ಮಾತ್ರ ಮೂಡುವುದರಿಂದ ಗುರುತು ಸಾಮಾನ್ಯವಾಗಿ ಪಾದಕ್ಕಿಂತ ಚಿಕ್ಕದಾಗಿರುತ್ತದೆ. ಹಿಮ್ಮಡಿಯ ಹಿಂಭಾಗ ದುಂಡಗಿದ್ದು ನೆಲಕ್ಕೆ ತಾಗದಿರುವುದು ಇದಕ್ಕೆ ಒಂದು ಕಾರಣ. ಮೆತ್ತನೆಯ ಕೆಸರಿನಲ್ಲಿ ಪಾದ ಮುಳುಗಿದರೆ ಅದರ ಹೊರ ಅಂಚೂ ಅಚ್ಚಾಗುತ್ತದೆ, ಕಾಲು ಎಳೆದುಕೊಳ್ಳುವಾಗ ಅಂಚು ಹಿಗ್ಗುತ್ತದೆ. ಒಣ ಮರಳಿನಲ್ಲಿ ಅಂಚುಗಳು ಒಳಕ್ಕೆ ಕುಸಿಯುತ್ತವೆ. ಜೇಡಿಮಣ್ಣು ಒಣಗಿದಾಗ ಕುಗ್ಗುತ್ತದೆ, ಅದರೊಂದಿಗೆ ಗುರುತೂ ಕುಗ್ಗುತ್ತದೆ. ಭಾರ ಹೊತ್ತು ನಡೆದವರ ಪಾದ ಅಗಲಗೊಳ್ಳುತ್ತದೆ, ಕಮಾನು ತಗ್ಗುತ್ತದೆ. ಓಡಿದವರ ಗುರುತಿನಲ್ಲಿ ಮುಂಗಾಲು ಆಳವಾಗಿ ಮೂಡಿ ಹಿಮ್ಮಡಿ ಇಲ್ಲದೆಯೂ ಹೋಗಬಹುದು. ಹಿಮ್ಮಡಿಯೇ ಇಲ್ಲದ ಗುರುತಿನಲ್ಲಿ ಉದ್ದದ ಅಳತೆಗಳೆಲ್ಲವೂ ಕೈಬಿಟ್ಟುಹೋಗುತ್ತವೆ, ಉಳಿಯುವುದು ಮುಂಗಾಲಿನ ಅಗಲ ಮಾತ್ರ. ಆ ಅಗಲವನ್ನೂ ದೇಹದ ತೂಕ, ಹೊತ್ತ ಭಾರಗಳು ಬದಲಾಯಿಸುವುದರಿಂದ ಅದರ ಮೇಲೆ ಹೆಚ್ಚು ಭಾರ ಹೊರಿಸಲಾಗದು.

ದಾಖಲಾತಿಯಲ್ಲಿ ಆಗುವ ಲೋಪವನ್ನು ಪ್ರಯೋಗಾಲಯದಲ್ಲಿ ಪೂರ್ತಿ ಸರಿಪಡಿಸಲು ಸಾಧ್ಯವಿಲ್ಲ. ಕ್ಯಾಮೆರಾ ಗುರುತಿಗೆ ನೇರ ಲಂಬವಾಗಿರಬೇಕು, ಗುರುತಿನ ಮಟ್ಟದಲ್ಲೇ ಅಳತೆಪಟ್ಟಿ ಇಟ್ಟಿರಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ಉದ್ದ ಕುಗ್ಗಿ ಕಾಣುತ್ತದೆ. ಆಳವಾದ ಗುರುತಿನ ಪಕ್ಕದ ಎತ್ತರದ ನೆಲದ ಮೇಲೆ ಪಟ್ಟಿ ಇಟ್ಟರೂ ಲೆಕ್ಕ ತಪ್ಪುತ್ತದೆ. ಚಿತ್ರ ತೆಗೆದ ಮೇಲೆ, ಮಣ್ಣಿನ ಗುರುತಾದರೆ ಡೆಂಟಲ್ ಸ್ಟೋನ್ ಎಂಬ ಗಟ್ಟಿಯಾಗುವ ಪುಡಿಯನ್ನು ನೀರಿನಲ್ಲಿ ಕಲಸಿ ಸುರಿದು ಅಚ್ಚು ತೆಗೆಯುತ್ತಾರೆ. ಧೂಳಿನ ಗುರುತಾದರೆ ಸ್ಥಾಯೀ ವಿದ್ಯುತ್ತಿನ ಬಲದಿಂದ ಹಾಳೆಯ ಮೇಲಕ್ಕೆ ಎತ್ತಿಕೊಳ್ಳುತ್ತಾರೆ.

ಪ್ರಶ್ನೆ: ಗರ್ಭಿಣಿಯಾದಾಗ ನನ್ನ ಪಾದ ದೊಡ್ಡದಾಯಿತು, ಹೆರಿಗೆಯ ನಂತರವೂ ಹಳೆಯ ಚಪ್ಪಲಿಗಳು ಹಿಡಿಸಲಿಲ್ಲ. ಇಂಥ ಬದಲಾವಣೆಯನ್ನು ಸೂತ್ರಗಳು ಗಣನೆಗೆ ತೆಗೆದುಕೊಳ್ಳುತ್ತವೆಯೇ? ಮಕ್ಕಳ ಗುರುತಿನ ಸಂಗತಿ ಏನು? (ಗೃಹಿಣಿ)

ಉತ್ತರ: ತಮಗಾದದ್ದು ಅನೇಕರಿಗೆ ಆಗುವ ಅನುಭವ. ಗರ್ಭಧಾರಣೆಯ ಸಮಯದಲ್ಲಿ ತೂಕ ಹೆಚ್ಚುವುದರ ಜೊತೆಗೆ ಅಸ್ಥಿಬಂಧಗಳೂ ಸಡಿಲಗೊಳ್ಳುವುದರಿಂದ ಪಾದದ ಕಮಾನು ತಗ್ಗಿ ಪಾದ ಉದ್ದವಾಗಬಹುದು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಗರ್ಭಿಣಿಯರ ಪಾದಗಳನ್ನು ಆರಂಭದ ತಿಂಗಳುಗಳಲ್ಲಿಯೂ ಹೆರಿಗೆಯಾಗಿ ಕೆಲವು ತಿಂಗಳ ನಂತರವೂ ಅಳೆದು, ಈ ಬದಲಾವಣೆ ಹಲವರಲ್ಲಿ ಉಳಿದುಬಿಡುತ್ತದೆ ಎಂದೂ, ಮೊದಲ ಗರ್ಭಧಾರಣೆಯಲ್ಲಿ ಅದು ಎದ್ದುಕಾಣುತ್ತದೆ ಎಂದೂ ತೋರಿಸಿತು. ಹೆಂಗಸರ ಅಳತೆಗಳ ಹರವನ್ನು ಇದು ಗಂಡಸರ ಕಡೆಗೆ ಸ್ವಲ್ಪ ಚಾಚುತ್ತದೆ. ಬಹಳಷ್ಟು ಅಧ್ಯಯನಗಳು ಕಾಲೇಜು ವಿದ್ಯಾರ್ಥಿಗಳನ್ನು ಅಳೆದು ಸೂತ್ರ ಕಟ್ಟಿರುವುದರಿಂದ, ಮಧ್ಯವಯಸ್ಸಿನ ತಾಯಂದಿರ ಪಾದಗಳು ಅವುಗಳಲ್ಲಿ ಸರಿಯಾಗಿ ಪ್ರತಿನಿಧಿತವಾಗಿಲ್ಲ. ವಯಸ್ಸಾದಂತೆ ಕಮಾನು ಇಳಿಯುವುದು, ಹೆಬ್ಬೆರಳು ಒಳಕ್ಕೆ ಬಾಗಿ ಅದರ ಬುಡ ಉಬ್ಬುವುದು, ಚಪ್ಪಟೆ ಪಾದ ಇವೆಲ್ಲವೂ ಅಳತೆಯನ್ನು ಬದಲಾಯಿಸುತ್ತವೆ.

ಮಕ್ಕಳ ವಿಷಯದಲ್ಲಿ ಲಿಂಗದ ಅಂದಾಜನ್ನು ಮಾಡಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹರೆಯಕ್ಕೆ ಮುಂಚೆ ಹುಡುಗ ಹುಡುಗಿಯರ ಪಾದಗಳಲ್ಲಿ ಗಾತ್ರದ ಭೇದ ಅತ್ಯಲ್ಪ. ಹುಡುಗಿಯರ ಬೆಳವಣಿಗೆ ಬೇಗ ಆರಂಭವಾಗುವುದರಿಂದ ಸುಮಾರು ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಹುಡುಗಿಯ ಪಾದ ಅದೇ ವಯಸ್ಸಿನ ಹುಡುಗನ ಪಾದಕ್ಕೆ ಸಮನಾಗಿಯೋ ತುಸು ದೊಡ್ಡದಾಗಿಯೋ ಇರಬಹುದು. ಪಾದ ಎತ್ತರಕ್ಕಿಂತ ಮೊದಲೇ ತನ್ನ ಪೂರ್ಣ ಗಾತ್ರವನ್ನು ಮುಟ್ಟುತ್ತದೆ. ಇದರಿಂದ ಇನ್ನೊಂದು ತೊಡಕು ಹುಟ್ಟುತ್ತದೆ: 22 ಸೆಂ.ಮೀ. ಉದ್ದದ ಗುರುತು ಸಿಕ್ಕರೆ ಅದು ವಯಸ್ಕ ಹೆಂಗಸಿನದೋ, ಹದಿಮೂರರ ಹುಡುಗನದೋ ಎಂದು ಅಳತೆಯಿಂದ ಮಾತ್ರ ಹೇಳಲು ಬರುವುದಿಲ್ಲ. ಗುರುತು ವಯಸ್ಕರದು ಎಂಬುದೇ ಮೊದಲು ಸಾಬೀತಾಗಬೇಕು.

ಪ್ರಶ್ನೆ: ಲಕ್ಷಾಂತರ ವರ್ಷ ಹಳೆಯ ಹೆಜ್ಜೆಗುರುತುಗಳಿಂದಲೂ ಗಂಡು ಹೆಣ್ಣನ್ನು ಗುರುತಿಸಿದ್ದಾರೆ ಎಂದು ಕೇಳಿದ್ದೇನೆ. (ಇತಿಹಾಸದ ಆಸಕ್ತರು)

ಉತ್ತರ: ತಾವು ಕೇಳಿದ್ದು ಬಹುಶಃ ಟಾಂಜಾನಿಯಾದ ಲಾಯೆಟೋಲಿಯ ಗುರುತುಗಳ ಬಗ್ಗೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಬೂದಿಯ ಮೇಲೆ ನಡೆದುಹೋದವರ ಆ ಗುರುತುಗಳನ್ನು ಪ್ರಾಚೀನ ಮಾನವರ ಅವಶೇಷಗಳ ಸಂಶೋಧಕಿ ಮೇರಿ ಲೀಕಿ ಅವರ ತಂಡ 1978ರಲ್ಲಿ ಬೆಳಕಿಗೆ ತಂದಿತು. ಅಲ್ಲಿಯೇ ಸಿಕ್ಕ ಇನ್ನಷ್ಟು ಗುರುತುಗಳ ವಿವರ 2016ರಲ್ಲಿ ಪ್ರಕಟವಾಯಿತು. ಹೊಸ ಗುರುತುಗಳಲ್ಲಿ ಒಂದು ಸಾಲು ಉಳಿದವಕ್ಕಿಂತ ಗಮನಾರ್ಹವಾಗಿ ದೊಡ್ಡದಾಗಿದ್ದುದರಿಂದ, ಅದು ಗಂಡಿನದಿರಬಹುದು, ಚಿಕ್ಕವು ಹೆಣ್ಣುಗಳದೋ ಎಳೆಯರದೋ ಇರಬಹುದು ಎಂದು ಸಂಶೋಧಕರು ಸೂಚಿಸಿದರು. ‘ಹೆಣ್ಣುಗಳದೋ ಎಳೆಯರದೋ’ ಎಂಬಲ್ಲಿರುವ ಎಚ್ಚರಿಕೆ ಮೆಚ್ಚತಕ್ಕದ್ದು. ಒಂದು ಜೀವಿಪ್ರಭೇದದೊಳಗೆ ಗಾತ್ರದ ಹರವು ಎಷ್ಟಿತ್ತು ಎಂಬ ಚರ್ಚೆಗೆ ಅಷ್ಟು ಸಾಕು. ಒಬ್ಬ ವ್ಯಕ್ತಿಯ ಸ್ವಾತಂತ್ರ್ಯ ಪಣಕ್ಕಿರುವ ಮೊಕದ್ದಮೆಗೆ ಅಷ್ಟು ಸಾಲದು.

ಪ್ರಶ್ನೆ: ಒಂದು ದೇಶದಲ್ಲಿ ಮಾಡಿದ ಅಧ್ಯಯನದ ಸೂತ್ರವನ್ನು ಇನ್ನೊಂದು ಕಡೆಯ ಮೊಕದ್ದಮೆಯಲ್ಲಿ ತಜ್ಞರು ಬಳಸಿದರೆ ನಾವು ಏನೆಂದು ಪ್ರಶ್ನಿಸಬೇಕು? ತಜ್ಞರ ವರದಿ ಹೇಗಿರಬೇಕು? (ವಕೀಲರು)

ಉತ್ತರ: ಮೊದಲ ಪ್ರಶ್ನೆ ಅದೇ: ಸೂತ್ರ ಯಾರನ್ನು ಅಳೆದು ಕಟ್ಟಿದ್ದು? ಪಾದದ ಸರಾಸರಿ ಗಾತ್ರ ಜನಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗುತ್ತದೆ. ಎತ್ತರದ ಜನರ ನಡುವೆ ಕಟ್ಟಿದ ಗಡಿಬಿಂದುವನ್ನು ಕುಳ್ಳಗಿನ ಜನರ ಮೇಲೆ ಹೇರಿದರೆ ಗಂಡಸರಲ್ಲಿ ದೊಡ್ಡ ಪಾಲು ಹೆಂಗಸರೆಂದು ಬೀಳುತ್ತದೆ, ಹೆಂಗಸರ ವಿಂಗಡಣೆ ಮಾತ್ರ ಅದ್ಭುತವಾಗಿ ಸರಿಯಾದಂತೆ ಕಾಣುತ್ತದೆ. ಒಟ್ಟು ಸರಾಸರಿಯನ್ನಷ್ಟೇ ನೋಡಿದವರಿಗೆ ಈ ಓರೆ ಗೊತ್ತೇ ಆಗುವುದಿಲ್ಲ. ಭಾರತ, ಈಜಿಪ್ಟ್, ಗಾನಾ, ಮಲೇಷ್ಯಾ, ಪಶ್ಚಿಮ ಆಸ್ಟ್ರೇಲಿಯಾ ಮುಂತಾದೆಡೆ ಪ್ರತ್ಯೇಕ ಅಧ್ಯಯನಗಳು ನಡೆದಿರುವುದಕ್ಕೆ ಇದೇ ಕಾರಣ. ಆಯಾ ಅಧ್ಯಯನ ಎತ್ತರವನ್ನು ಅಂದಾಜಿಸಲು ಮಾಡಿದ್ದೋ ಲಿಂಗವನ್ನೋ ಎಂಬುದನ್ನೂ ನೋಡಬೇಕು. ಉತ್ತರ ಭಾರತದ ಗುಜ್ಜರ ಸಮುದಾಯದ ಹೆಜ್ಜೆಗುರುತುಗಳಿಂದ ಎತ್ತರವನ್ನು ಅಂದಾಜಿಸುವ, 2008ರಲ್ಲಿ ಪ್ರಕಟವಾದ ಹೆಸರುವಾಸಿ ಅಧ್ಯಯನ ವಯಸ್ಕ ಗಂಡಸರನ್ನು ಮಾತ್ರ ಅಳೆದದ್ದು. ಅದನ್ನು ಲಿಂಗದ ಅಂದಾಜಿಗೆ ಆಧಾರವೆಂದು ಯಾರಾದರೂ ಮುಂದಿಟ್ಟರೆ ಪ್ರಶ್ನಿಸುವುದು ತಮ್ಮ ಕರ್ತವ್ಯ.

ಎರಡನೆಯ ಪ್ರಶ್ನೆ: ಸೂತ್ರ ಕಟ್ಟಲು ಬಳಸಿದ ಜನರ ಮೇಲೆಯೇ ಅದನ್ನು ಪರೀಕ್ಷಿಸಿದರೋ, ಹೊಸಬರ ಮೇಲೆ ಪರೀಕ್ಷಿಸಿದರೋ? ಕಟ್ಟಿದವರ ಮೇಲೆಯೇ ಪರೀಕ್ಷಿಸಿದ ಸೂತ್ರ ತನ್ನ ನಿಜವಾದ ಶಕ್ತಿಗಿಂತ ಹೆಚ್ಚು ಚೆನ್ನಾಗಿ ಕಾಣುತ್ತದೆ. ಎಡ, ಬಲ, ಐದು ಬೆರಳು, ಎರಡು ಅಗಲ ಎಂದು ಅಳತೆಗಳ ಸಂಖ್ಯೆ ಹೆಚ್ಚಿ, ಅಳೆದ ಜನರ ಸಂಖ್ಯೆ ಕಡಿಮೆಯಿದ್ದರೆ ಈ ಮೋಹಕ ಯಶಸ್ಸು ಇನ್ನೂ ಹೆಚ್ಚುತ್ತದೆ. ಐದು ಉದ್ದಗಳೂ ಒಂದರೊಂದಿಗೊಂದು ಬಲವಾಗಿ ಹೊಂದಿಕೊಂಡು ಏರಿಳಿಯುವುದರಿಂದ, ಐದನ್ನು ಸೇರಿಸಿದ ಮಾತ್ರಕ್ಕೆ ಐದು ಸ್ವತಂತ್ರ ಸಾಕ್ಷಿಗಳು ಸಿಕ್ಕಂತಾಗುವುದಿಲ್ಲ.

ಪಾದದ ಸಾಕ್ಷ್ಯದ ಇತಿಹಾಸದಲ್ಲಿ ಒಂದು ಕಹಿಯಾದ ಪಾಠವಿದೆ, ತಮ್ಮ ವೃತ್ತಿಯವರು ಅದನ್ನು ತಿಳಿದಿರಬೇಕು. ಅಮೆರಿಕದ ಮಾನವಶಾಸ್ತ್ರಜ್ಞೆ ಲೂಯಿಸ್ ರಾಬಿನ್ಸ್ ಅವರು 1970 ಮತ್ತು 1980ರ ದಶಕಗಳಲ್ಲಿ, ಪ್ರತಿಯೊಬ್ಬರ ಪಾದವೂ ಅನನ್ಯವಾದ್ದರಿಂದ ಪಾದರಕ್ಷೆಯ ಗುರುತಿನಿಂದಲೂ ಅದನ್ನು ಧರಿಸಿದವರನ್ನು ಗುರುತಿಸಬಲ್ಲೆ ಎಂದು ಹಲವು ಮೊಕದ್ದಮೆಗಳಲ್ಲಿ ಸಾಕ್ಷಿ ನುಡಿದರು. ಅವರ ವಿಧಾನವನ್ನು ಬೇರೆಯವರು ಸ್ವತಂತ್ರವಾಗಿ ಪರೀಕ್ಷಿಸಿ ದೃಢಪಡಿಸಿರಲಿಲ್ಲ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ತಜ್ಞರ ಸಭೆಯೊಂದು 1987ರಲ್ಲಿ ಅಭಿಪ್ರಾಯಪಟ್ಟಿತು. ಅಷ್ಟರಲ್ಲಿ ಜನ ಜೈಲಿಗೆ ಹೋಗಿಯಾಗಿತ್ತು. ಅಲ್ಲಿ ಪ್ರಶ್ನೆ ವ್ಯಕ್ತಿಯ ಗುರುತಿನದು, ಇಲ್ಲಿ ಲಿಂಗದ್ದು; ಆದರೆ ಪರೀಕ್ಷೆಗೆ ಒಳಪಡದ ಆತ್ಮವಿಶ್ವಾಸ ತರುವ ಅಪಾಯ ಎರಡೂ ಕಡೆ ಒಂದೇ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಂಶೋಧನಾ ಮಂಡಳಿ 2009ರಲ್ಲಿ ಹೊರತಂದ ವರದಿಯೂ ಡಿಎನ್‌ಎ ಬಿಟ್ಟು ಉಳಿದ ಅನೇಕ ಹೋಲಿಕೆಯ ವಿಧಾನಗಳ ತಪ್ಪಿನ ಪ್ರಮಾಣವನ್ನು ಸರಿಯಾಗಿ ಅಳೆದಿಲ್ಲ ಎಂದು ಎಚ್ಚರಿಸಿತು.

ಒಳ್ಳೆಯ ವರದಿಯಲ್ಲಿ ಗುರುತಿನ ಚಿತ್ರ, ಅಳತೆಗಳು, ಅಳತೆಯ ಅನಿಶ್ಚಿತತೆ, ಬಳಸಿದ ಅಧ್ಯಯನ ಯಾವ ಸಮುದಾಯದ್ದು, ಗುರುತು ನಿಂತದ್ದೋ ನಡೆದದ್ದೋ, ಸಂಭವನೀಯತೆ ಎಷ್ಟು ಎಂಬುದೆಲ್ಲ ಇರುತ್ತದೆ. ‘ಇದು ಗಂಡಸಿನ ಪಾದ’ ಎಂಬ ಒಂದು ಸಾಲು ಮಾತ್ರ ಇದ್ದರೆ ಅದು ವರದಿಯಲ್ಲ. ಇನ್ನೊಂದು ಸಂಗತಿ: ಅಳತೆ ಹೇಳುವುದು ಬೆಳವಣಿಗೆಯ ಕಾಲದಲ್ಲಿ ದೇಹ ಮುಟ್ಟಿದ ಗಾತ್ರವನ್ನು ಮಾತ್ರ. ಆ ವ್ಯಕ್ತಿ ಸಮಾಜದಲ್ಲಿ ತನ್ನನ್ನು ಯಾರೆಂದು ಗುರುತಿಸಿಕೊಳ್ಳುತ್ತಾರೆ ಎಂಬುದು ಅದರಲ್ಲಿ ಇರುವುದಿಲ್ಲವಾದ್ದರಿಂದ, ‘ಪೊಲೀಸರು ಗಂಡಸನ್ನು ಹುಡುಕುತ್ತಿದ್ದಾರೆ’ ಎಂಬ ಪ್ರಕಟಣೆಗೆ ಅದನ್ನೇ ಆಧಾರ ಮಾಡಿಕೊಳ್ಳಬಾರದು.

ಪ್ರಶ್ನೆ: ಬೂಟಿನ ಗುರುತಿಗೂ ಇದೇ ವಿಧಾನ ಅನ್ವಯಿಸುತ್ತದೆಯೇ?

ಉತ್ತರ: ಇನ್ನೂ ದುರ್ಬಲವಾಗಿ. ಅಟ್ಟೆ ಪಾದಕ್ಕಿಂತ ದೊಡ್ಡದು, ಎಷ್ಟು ದೊಡ್ಡದೆಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಮತ್ತು ಯಾರು ಬೇಕಾದರೂ ಬೇರೆಯವರ ಬೂಟು ತೊಡಬಹುದು. ಅಟ್ಟೆಯ ವಿನ್ಯಾಸ, ಸವೆತ, ಬಿರುಕುಗಳಿಂದ ನಿರ್ದಿಷ್ಟ ಬೂಟನ್ನು ಗುರುತಿಸುವುದೇ ಅಲ್ಲಿನ ಮುಖ್ಯ ಕೆಲಸ.

ಪ್ರಶ್ನೆ: ಡಿಎನ್‌ಎ ಪರೀಕ್ಷೆ ಇರುವಾಗ ಪಾದ ಅಳೆಯುವ ಕಷ್ಟವೇಕೆ? (ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ)

ಉತ್ತರ: ಲಿಂಗ ತಿಳಿಯುವುದೊಂದೇ ಉದ್ದೇಶವಾದರೆ, ಮತ್ತು ಮಾದರಿ ಸಿಕ್ಕರೆ, ಡಿಎನ್‌ಎ ಎಷ್ಟೋ ಮೇಲು. ಹಲ್ಲಿನ ದಂತಕವಚದ ಪ್ರೋಟೀನಿಗೆ ಸಂಬಂಧಿಸಿದ ಅಮೆಲೊಜೆನಿನ್ ಜೀನ್ ಎಕ್ಸ್ ಮತ್ತು ವೈ ವರ್ಣತಂತುಗಳೆರಡರಲ್ಲೂ ಇದ್ದು, ಎಕ್ಸ್‌ನ ಪ್ರತಿಯಲ್ಲಿ ಆರು ಅಕ್ಷರಗಳಷ್ಟು ಭಾಗ ಕಡಿಮೆಯಿದೆ. ಎರಡು ಉದ್ದಗಳು ಕಂಡರೆ ಗಂಡು, ಒಂದೇ ಕಂಡರೆ ಹೆಣ್ಣು ಎಂದು ಪ್ರಯೋಗಾಲಯ ಓದುತ್ತದೆ. ಕೆಲವು ಗಂಡಸರ ವೈ ವರ್ಣತಂತುವಿನಲ್ಲಿ ಆ ಭಾಗವೇ ಇಲ್ಲದಿರುವುದರಿಂದ ಅಲ್ಲಿಯೂ ವಿರಳವಾಗಿ ತಪ್ಪು ಓದು ಸಾಧ್ಯ, ಅದಕ್ಕಾಗಿ ವೈ ವರ್ಣತಂತುವಿನ ಬೇರೆ ಗುರುತುಗಳನ್ನೂ ನೋಡುತ್ತಾರೆ. ಬರಿಗಾಲು ತಾಗಿದ ನೆಲದ ಮೇಲೆ ಚರ್ಮದ ಜೀವಕೋಶಗಳು ಉಳಿದಿರಬಹುದು. ಅಂಗಾಲಿನ ಗೆರೆಗಳು ಸ್ಪಷ್ಟವಾಗಿ ಮೂಡಿದ್ದರೆ, ಬೆರಳಚ್ಚಿನಂತೆಯೇ ಅವುಗಳಿಂದ ವ್ಯಕ್ತಿಯನ್ನೇ ಗುರುತಿಸುವ ಅವಕಾಶವಿದೆ. ಆಗ ಲಿಂಗದ ಅಂದಾಜಿನ ಅಗತ್ಯವೇ ಬೀಳುವುದಿಲ್ಲ.

ಆದರೆ ರಕ್ತದಲ್ಲಿ ಮೂಡಿದ ಹೆಜ್ಜೆಗುರುತಿನಲ್ಲಿರುವ ರಕ್ತ ಸಾಮಾನ್ಯವಾಗಿ ಹಲ್ಲೆಗೊಳಗಾದವರದು, ತುಳಿದವರದಲ್ಲ. ಅಲ್ಲಿ ಡಿಎನ್‌ಎ ಬೇರೊಂದು ಪ್ರಶ್ನೆಗೆ ಉತ್ತರಿಸುತ್ತದೆ. ಮಳೆಗೆ ನೆನೆದ ಕೆಸರಿನಲ್ಲಿ, ಧೂಳಿನಲ್ಲಿ ಮಾದರಿಯೇ ಸಿಗದಿರಬಹುದು. ಅಂಥ ಕಡೆ ಅಳತೆಯೇ ಉಳಿಯುವ ದಾರಿ. ಅದಕ್ಕೂ ಮಿಗಿಲಾಗಿ, ಅಳತೆಯ ಬಲವಾದ ಉಪಯೋಗ ಲಿಂಗ ಹೇಳುವುದರಲ್ಲಿಲ್ಲ, ಬೇರ್ಪಡಿಸುವುದರಲ್ಲಿದೆ. ಒಂದೇ ಕೋಣೆಯ ಒಂದೇ ನೆಲದ ಮೇಲೆ ಚೆನ್ನಾಗಿ ಮೂಡಿದ ಒಂದು ಬಲಗಾಲಿನ ಗುರುತು 26 ಸೆಂ.ಮೀ., ಇನ್ನೊಂದು 22 ಸೆಂ.ಮೀ. ಇದ್ದರೆ ಅಲ್ಲಿ ಇಬ್ಬರಾದರೂ ಓಡಾಡಿದ್ದಾರೆ ಎಂದು ಧೈರ್ಯವಾಗಿ ಹೇಳಬಹುದು. 21 ಸೆಂ.ಮೀ. ಪಾದದ ವ್ಯಕ್ತಿಯನ್ನು ಶಂಕಿತರ ಪಟ್ಟಿಯಿಂದ ಕೈಬಿಡಲೂ ಆ 26 ಸೆಂ.ಮೀ.ನ ಗುರುತು ಆಧಾರವಾಗುತ್ತದೆ. ಇಂಥ ತೀರ್ಮಾನಗಳಿಗೆ ಜನಸಮುದಾಯದ ಸರಾಸರಿಯ ಹಂಗಿಲ್ಲ, ಎರಡು ಅಳತೆಗಳನ್ನು ನೇರವಾಗಿ ಹೋಲಿಸಿದರಾಯಿತು.

ಎರಡೂ ಬೇಕೆಂದಾದರೆ ಕೆಲಸದ ಕ್ರಮ ಮುಖ್ಯ. ಮೊದಲು ಅಳತೆಪಟ್ಟಿಯೊಂದಿಗೆ ಚಿತ್ರ. ನಂತರ ಗುರುತಿನ ಅಂಚನ್ನು ಮುಟ್ಟದೆ, ಅಳತೆಗೆ ಬೇಡವಾದ ಭಾಗದಿಂದ ಡಿಎನ್‌ಎ ಮಾದರಿ. ಆಮೇಲೆ ಮಸುಕಾದ ರಕ್ತದ ಗುರುತಾದರೆ ಅಮಿಡೊ ಬ್ಲ್ಯಾಕ್‌ನಂಥ ಬಣ್ಣದಿಂದ ಅದನ್ನು ಗಾಢಗೊಳಿಸಿ ಮತ್ತೊಮ್ಮೆ ಚಿತ್ರ. ಮಣ್ಣಿನದಾದರೆ ಕೊನೆಯಲ್ಲಿ ಅಚ್ಚು. ಅಚ್ಚು ಎತ್ತುವಾಗ ಮೂಲ ಗುರುತು ಬಹುತೇಕ ನಾಶವಾಗುವುದರಿಂದ ಅದಕ್ಕೆ ಮೊದಲು ತೆಗೆದ ಚಿತ್ರದಲ್ಲಿ ಪಟ್ಟಿ ಇಲ್ಲದಿದ್ದರೆ, ಅಚ್ಚಿನಲ್ಲಿ ಬಂದ ಅಳತೆಯನ್ನು ತಾಳೆ ನೋಡಲು ಬೇರೇನೂ ಉಳಿದಿರುವುದಿಲ್ಲ.